"ಕೋಳಿ ಮುಟ್ಟಿಲ್ಲ" ಎನ್ನುವ ರೋಗಿ: ಹಕ್ಕಿ ಜ್ವರದ ಮೂಲ ಹುಡುಕುವಾಗ ಎಲ್ಲಿ ಎಡವುತ್ತೇವೆ

ಮುಂಬೈಯ ಒಂದು ಆಸ್ಪತ್ರೆಗೆ ಜೋರು ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇರುವ ಒಬ್ಬರು ಬಂದಿದ್ದಾರೆ ಎಂದುಕೊಳ್ಳಿ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಾಣುತ್ತಿದೆ. ಗಂಟಲ ಸ್ವಾಬ್‌ನ ಪಿಸಿಆರ್ ವರದಿಯಲ್ಲಿ ಮೂರು ಸಾಲು: ಇನ್‌ಫ್ಲುಯೆಂಜಾ ಎ ಪಾಸಿಟಿವ್, ಎಚ್1 ನೆಗೆಟಿವ್, ಎಚ್3 ನೆಗೆಟಿವ್. ಅಂದರೆ ಇದು ಫ್ಲೂ ವೈರಸ್ಸೇ, ಆದರೆ ನಮ್ಮ ನಡುವೆ ವರ್ಷವರ್ಷ ಓಡಾಡುವ ಎರಡು ಬಗೆಗಳಲ್ಲಿ ಯಾವುದೂ ಅಲ್ಲ. ಹಾಗಾದರೆ ಎಲ್ಲಿಂದ ಬಂತು?

ಇದು ಆ ಹುಡುಕಾಟದ ಕೈಪಿಡಿ. ಇಲ್ಲಿನ ಕನ್ನಡಿಗ ವೈದ್ಯರು, ನರ್ಸ್‌ಗಳು, ವಾರ್ಡ್ ಮಟ್ಟದ ಆರೋಗ್ಯ ಕಾರ್ಯಕರ್ತರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಇನ್ನೊಂದು ಗುಂಪೂ ಇದೆ. ಡೊಂಬಿವಲಿಯ ಹೋಟೆಲ್ ಕೆಲಸದವರೋ, ಪುಣೆಯ ಕಟ್ಟಡದ ಕೆಲಸಕ್ಕೆ ವಿಜಯಪುರ, ಕಲಬುರಗಿ ಕಡೆಯಿಂದ ಬಂದವರೋ ದಾಖಲಾದಾಗ, "ನಿಮ್ಮ ಭಾಷೆಯವರು, ಸ್ವಲ್ಪ ಮಾತಾಡಿ ನೋಡಿ" ಎಂದು ನಮ್ಮಲ್ಲಿ ಯಾರನ್ನಾದರೂ ಕರೆಯುತ್ತಾರೆ, ಅಲ್ವಾ? ಅವರಿಗೇ ಇದು ಹೆಚ್ಚು ಬೇಕು. ಈ ತನಿಖೆ ಹಳ್ಳ ಹಿಡಿಯುವುದು ಲ್ಯಾಬ್‌ನಲ್ಲಿ ಕಡಿಮೆ, ರೋಗಿಯ ಮಂಚದ ಪಕ್ಕದಲ್ಲಿ ಜಾಸ್ತಿ.

ಮೊದಲು: ವರದಿಯನ್ನೇ ನಂಬಬಹುದೇ?

ಎಚ್1, ಎಚ್3 ಎರಡೂ ಇಲ್ಲ ಎಂದ ಕೂಡಲೇ ಹಕ್ಕಿ ಜ್ವರ ಎಂದು ಕೂಗಬೇಡಿ. ಇನ್‌ಫ್ಲುಯೆಂಜಾ ಎ ಗುರುತಿಸುವ ಪರೀಕ್ಷೆ ಎಂ ಜೀನ್ ಎಂಬ ಭಾಗವನ್ನು ಹುಡುಕುತ್ತದೆ. ಆ ಭಾಗ ಎಲ್ಲ ಎ ಬಗೆಗಳಲ್ಲೂ ಹೆಚ್ಚುಕಮ್ಮಿ ಒಂದೇ. ಉಪಬಗೆ ಹೇಳುವ ಪರೀಕ್ಷೆಗಳು ಅಷ್ಟು ಸೂಕ್ಷ್ಮವಾಗಿರುವುದಿಲ್ಲ. ಹಾಗಾಗಿ ಸ್ಯಾಂಪಲ್‌ನಲ್ಲಿ ವೈರಸ್ ತೀರಾ ಕಡಿಮೆ ಇದ್ದರೆ ಎ ಸಿಗುತ್ತದೆ, ಎಚ್1 ಅಥವಾ ಎಚ್3 ಸಿಗುವುದಿಲ್ಲ. ಸಿಟಿ ಮೌಲ್ಯ ಕೇಳಿ ತಿಳಿದುಕೊಳ್ಳಿ. ವೈರಸ್ ಕಾಣಿಸಲು ಪಿಸಿಆರ್ ಎಷ್ಟು ಸುತ್ತು ನಡೆಸಬೇಕಾಯಿತು ಎನ್ನುವ ಸಂಖ್ಯೆ ಅದು, ಹೆಚ್ಚಿದಷ್ಟೂ ವೈರಸ್ ಕಡಿಮೆ. ಅದು 35ಕ್ಕಿಂತ ಮೇಲಿದ್ದರೆ ಮಾಮೂಲಿ ಫ್ಲೂವಿನ ದುರ್ಬಲ ಸ್ಯಾಂಪಲ್ ಆಗಿರುವ ಸಾಧ್ಯತೆಯೂ ಸಾಕಷ್ಟಿದೆ, ಇನ್ನೊಮ್ಮೆ ಸ್ವಾಬ್ ತೆಗೆಯಿರಿ. 25ರ ಆಸುಪಾಸಿನಲ್ಲಿ ವೈರಸ್ ಧಾರಾಳವಾಗಿದ್ದೂ ಉಪಬಗೆ ಸಿಗದಿದ್ದರೆ ಆಗ ನಿದ್ದೆ ಬಿಡಬೇಕು.

ಇದರ ಉಲ್ಟಾ ತಪ್ಪು ಇನ್ನೂ ಅಪಾಯದ್ದು. ರ್‍ಯಾಪಿಡ್ ಕಿಟ್ ನೆಗೆಟಿವ್ ತೋರಿಸಿತು ಎಂದು ಕೈಬಿಡುವುದು. ಆ ಕಿಟ್‌ಗಳು ಎಷ್ಟೋ ನಿಜವಾದ ಸೋಂಕುಗಳನ್ನು ಹಿಡಿಯುವುದೇ ಇಲ್ಲ, ಪಾಸಿಟಿವ್ ಬಂದರೂ ಯಾವ ಎ ಎಂದು ಹೇಳುವುದಿಲ್ಲ.

ಸ್ವಾಬ್ ಎಲ್ಲಿಂದ ತೆಗೆದಿರಿ ಎನ್ನುವುದೂ ಮುಖ್ಯ. ಹಕ್ಕಿಗಳ ಫ್ಲೂ ವೈರಸ್ ಹಿಡಿದುಕೊಳ್ಳುವ ಗ್ರಾಹಕಗಳು ಮನುಷ್ಯರಲ್ಲಿ ಮೂಗಿನಲ್ಲಿ ಕಡಿಮೆ, ಶ್ವಾಸಕೋಶದ ಆಳದಲ್ಲಿ ಜಾಸ್ತಿ. ಕಣ್ಣಿನ ಹೊರಪದರದಲ್ಲೂ ಇವೆ. ಆದ್ದರಿಂದ ಹಕ್ಕಿ ಜ್ವರದ ಒಂದು ಬಗೆಯಾದ ಎಚ್5ಎನ್1 ಸಂಶಯ ಇದ್ದಾಗ ಮೂಗಿನ ಸ್ವಾಬ್ ಒಂದನ್ನೇ ನೆಚ್ಚಿಕೊಳ್ಳಬಾರದು. ಗಂಟಲಿನದು ಬೇಕು. ರೋಗಿ ವೆಂಟಿಲೇಟರ್‌ನಲ್ಲಿದ್ದರೆ ಶ್ವಾಸನಾಳದ ಒಳಗಿನ ಕಫ ಬೇಕು. ಕಣ್ಣು ಕೆಂಪಾಗಿದ್ದರೆ ಕಣ್ಣಿನದೂ ಬೇಕು. 2024ರಲ್ಲಿ ಅಮೆರಿಕದ ಡೈರಿಗಳಲ್ಲಿ ಹಸುಗಳಿಂದ ಎಚ್5ಎನ್1 ತಗುಲಿದ ಕೆಲಸಗಾರರಲ್ಲಿ ಹಲವರಿಗೆ ಇದ್ದ ಮುಖ್ಯ ದೂರು ಕೆಂಗಣ್ಣು. ಜ್ವರ ಬರಲಿ ಎಂದು ಕಾದಿದ್ದರೆ ಅವರು ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಸಂಶಯದ ಸ್ಯಾಂಪಲ್ ಕೊನೆಗೆ ಹೋಗಬೇಕಾದ ಜಾಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಎಲ್ಲರೂ ಎನ್‌ಐವಿ ಎನ್ನುವುದು. 1952ರಲ್ಲಿ ಶುರುವಾದ ಈ ಸಂಸ್ಥೆಯೇ ದೇಶದ ಇನ್‌ಫ್ಲುಯೆಂಜಾ ಕೇಂದ್ರ. ನಮ್ಮ ಅದೃಷ್ಟಕ್ಕೆ ಮುಂಬೈಯಿಂದ ನಾಲ್ಕು ಗಂಟೆಯ ದಾರಿ. ಆದರೂ ಐಸ್ ಇಲ್ಲದ ಡಬ್ಬದಲ್ಲಿ ಎಕ್ಸ್‌ಪ್ರೆಸ್‌ವೇ ಟ್ರಾಫಿಕ್‌ನಲ್ಲಿ ಕೂತ ಸ್ಯಾಂಪಲ್‌ನಿಂದ ಏನೂ ಸಿಗದಿರಬಹುದು. 4 ಡಿಗ್ರಿಯಲ್ಲಿ ಹೋಗಲಿ. ತಡವಾಗುವುದಾದರೆ ಮೈನಸ್ 70.

ಇನ್ನೊಂದು ಮಾತು. ಔಷಧಿಯನ್ನು ವರದಿಗಾಗಿ ಕಾಯಿಸಬೇಡಿ. ಫ್ಲೂ ವೈರಸ್ ವಿರುದ್ಧದ ಔಷಧಿ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ತಡವಾದರೂ ಗಂಭೀರ ರೋಗಿಗೆ ಕೊಡಲೇಬೇಕು. ತನಿಖೆ ನಮ್ಮ ಕೆಲಸ, ಅದಕ್ಕಾಗಿ ರೋಗಿ ಕಾಯುವುದು ಯಾಕೆ?

ದೊಡ್ಡ ದೋಷ: ಪ್ರಶ್ನೆಯೇ ತಪ್ಪು

"ನೀವು ಕೋಳಿ ಮುಟ್ಟಿದ್ರಾ?" ಎಂದು ಕೇಳಿದರೆ ಉತ್ತರ "ಇಲ್ಲ". ಹತ್ತಕ್ಕೆ ಒಂಬತ್ತು ಸಲ ಹೀಗೇ. ತನಿಖೆಯ ನಮೂನೆಯಲ್ಲಿ ಕೋಳಿ ಸಂಪರ್ಕ ಇಲ್ಲ ಎಂದು ಟಿಕ್ ಆಗುತ್ತದೆ, ಫೈಲು ಮುಂದಕ್ಕೆ ಹೋಗುತ್ತದೆ, ಮೂಲ ಗೊತ್ತಿಲ್ಲ ಎಂಬ ಷರಾ ಬೀಳುತ್ತದೆ.

ರೋಗಿ ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಕೋಳಿ ಮುಟ್ಟುವುದು ಅಂದರೆ ಕೋಳಿ ಸಾಕುವುದು ಅಥವಾ ಕೊಯ್ಯುವುದು. ಅಂಗಡಿಯ ಮುಂದೆ ಸರದಿಯಲ್ಲಿ ನಿಂತದ್ದು, ಪಕ್ಕದಲ್ಲೇ ಪುಕ್ಕ ಕೀಳುವ ಯಂತ್ರ ಗಿರಗಿರ ತಿರುಗುತ್ತಿದ್ದದ್ದು, ಮಗು ಪಂಜರದೊಳಗೆ ಬೆರಳು ಹಾಕಿದ್ದು, ಇದೆಲ್ಲ ಅವರಿಗೆ ಸಂಪರ್ಕವೇ ಅಲ್ಲ. ವೈರಸ್‌ಗೆ ಅಷ್ಟು ಸಾಕು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಮೊದಲ ಬಾರಿಗೆ ಮನುಷ್ಯರಿಗೆ ತಗುಲಿ 18 ಜನರಿಗೆ ಕಾಯಿಲೆಯಾಗಿ 6 ಜನ ಸತ್ತಾಗ, ತನಿಖೆ ಮಾಡಿದವರು ರೋಗಿಗಳನ್ನೂ ಅದೇ ವಯಸ್ಸಿನ ಆರೋಗ್ಯವಂತರನ್ನೂ ಹೋಲಿಸಿ ನೋಡಿದರು. ಎದ್ದು ಕಂಡ ವ್ಯತ್ಯಾಸ ಎಂದರೆ ಕಾಯಿಲೆಗೆ ಮುಂಚಿನ ವಾರದಲ್ಲಿ ಜೀವಂತ ಕೋಳಿಗಳ ಹತ್ತಿರ ಹೋಗಿದ್ದರೇ ಎನ್ನುವುದು. ಕೋಳಿ ತಿಂದಿದ್ದರೇ ಎನ್ನುವುದು ವ್ಯತ್ಯಾಸವಾಗಿ ಕಾಣಲಿಲ್ಲ.

ಆದ್ದರಿಂದ ಕೋಳಿಯನ್ನು ಬಿಟ್ಟು ದಿನಗಳನ್ನು ಕೇಳಿ. ಜ್ವರ ಶುರುವಾದ ದಿನದಿಂದ ಹಿಂದಕ್ಕೆ 14 ದಿನ. ಒಂದೊಂದು ದಿನವೂ ಎದ್ದಲ್ಲಿಂದ ಮಲಗುವವರೆಗೆ. ಯಾವ ದಾರಿಯಲ್ಲಿ ಸ್ಟೇಷನ್‌ಗೆ ಹೋಗುತ್ತೀರಿ? ಆ ದಾರಿಯಲ್ಲಿ ಏನೇನು ಅಂಗಡಿ? ಮನೆಯಲ್ಲಿ ಕೋಳಿ ಅಡುಗೆ ಯಾವತ್ತು? ತಂದವರು ಯಾರು, ತೊಳೆದವರು ಯಾರು, ಕರುಳು ಪುಕ್ಕ ಎಲ್ಲಿ ಬಿಸಾಡಿದಿರಿ? ಅದನ್ನು ಬೆಕ್ಕಿಗೆ ಹಾಕಿದಿರಾ?

ಮುಂಬೈಯಲ್ಲಿ ಇದಕ್ಕೊಂದು ಅನುಕೂಲ ಇದೆ. ಇಲ್ಲಿ ತುಂಬಾ ಮನೆಗಳಲ್ಲಿ ಸೋಮವಾರ, ಗುರುವಾರ, ಶನಿವಾರ ಮಾಂಸ ಇಲ್ಲ. ಕೋಳಿ ಬರುವುದು ಬುಧವಾರ, ಶುಕ್ರವಾರ, ಭಾನುವಾರ. "ಯಾವ ದಿನ" ಎಂದರೆ ನೆನಪಾಗದವರಿಗೂ "ಕಳೆದ ಬುಧವಾರ ಏನು ಅಡುಗೆ" ಎಂದರೆ ನೆನಪಾಗುತ್ತದೆ. ನಾವು ಭೀಮನ ಅಮಾವಾಸ್ಯೆ ಎನ್ನುವ ದಿನ ಇಲ್ಲಿಯವರಿಗೆ ಗಟಾರಿ. ಶ್ರಾವಣ ಹಿಡಿಯುವ ಮೊದಲು ಕೊನೆಯ ಸಲ ಹೊಟ್ಟೆ ತುಂಬ ತಿನ್ನುವ ಹಬ್ಬ. ಆ ದಿನ ಚಿಕನ್ ಅಂಗಡಿಯ ಮುಂದೆ ಬೀದಿ ತುಂಬ ಜನ. ರೋಗಿ ಗಟಾರಿಯ ನಂತರದ ವಾರದಲ್ಲಿ ಬಂದಿದ್ದರೆ ಅಲ್ಲಿಂದಲೇ ಶುರುಮಾಡಿ.

ಈಗ ನಮ್ಮವರ ವಿಷಯ. ಇದನ್ನು ಬೇರೆ ಭಾಷೆಯ ತನಿಖೆಗಾರರು ಕೇಳುವುದಿಲ್ಲ, ಏಕೆಂದರೆ ಅವರಿಗೆ ಗೊತ್ತಿಲ್ಲ. ಉಡುಪಿ, ದಕ್ಷಿಣ ಕನ್ನಡದ ಮುಂಬೈಕರರು ಕೋಲ, ನೇಮ, ತಂಬಿಲ ಎಂಬ ದೈವಾರಾಧನೆಗಳಿಗೆ ಊರಿಗೆ ಹೋಗುತ್ತಾರೆ. ದೈವಕ್ಕೆ ಕೋಳಿ ಕೊಡುತ್ತಾರೆ. ಹಿಡಿದುಕೊಂಡವರು ಯಾರು, ಪುಕ್ಕ ತೆಗೆದವರು ಯಾರು? ಕೋಳಿ ಅಂಕಕ್ಕೆ, ಕೋಳಿ ಕಟ್ಟ ಎಂದೂ ಕರೆಯುವ ಹುಂಜಗಳ ಕಾಳಗಕ್ಕೆ, ಹೋಗಿದ್ದರೇ? ಅದು ಕಾನೂನಿಗೆ ವಿರುದ್ಧ, ಹಾಗಾಗಿ ಪೊಲೀಸರ ಹೆದರಿಕೆಯಲ್ಲಿ ಹೇಳುವುದಿಲ್ಲ. "ಕಟ್ಟಕ್ಕೆ ಹೋಗಿದ್ರಾ" ಎಂದು ನೇರವಾಗಿ ಕೇಳುವ ಬದಲು ಊರಿನ ಸುದ್ದಿ ಮಾತಾಡಿ, ಜಾತ್ರೆಯ ಮಾತು ತೆಗೆಯಿರಿ, ಅದು ಅಲ್ಲಿಗೇ ಬರುತ್ತದೆ. ಈ ಮಾಹಿತಿ ಪೊಲೀಸರಿಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿ, ಮತ್ತು ನಿಜವಾಗಿಯೂ ಹೋಗದಂತೆ ನೋಡಿಕೊಳ್ಳಿ. ಗಾಯಗೊಂಡ ಅಂಕದ ಹುಂಜದ ಮೂಗು ಬಾಯಿ ಒರೆಸುವವರ ಮುಖ ಎಷ್ಟು ಹತ್ತಿರ ಇರುತ್ತದೆ ಎಂದು ನೋಡಿದವರಿಗೆ ನಾನು ಹೇಳಬೇಕಾಗಿಲ್ಲ.

ಹೋಟೆಲ್ ಕೆಲಸದವರ ವಿಷಯದಲ್ಲಿ ಹುದ್ದೆಯ ಹೆಸರು ನಂಬಬೇಡಿ. "ನಾನು ತರಕಾರಿ ಹೆಚ್ಚೋನು" ಎನ್ನುವ ಹುಡುಗ ಬೆಳಗಿನ ಜಾವ ಚಿಕನ್ ತರಲು ಟೆಂಪೋದಲ್ಲಿ ಹೋಗಿರುತ್ತಾನೆ, ರಜೆಯ ಮೇಲೆ ಹೋದವನ ಬದಲು. ಯಜಮಾನರ ಮುಂದೆ ಕೇಳಿದರೆ ಹೇಳುವುದೂ ಇಲ್ಲ. ಒಬ್ಬರೇ ಇದ್ದಾಗ ಕೇಳಿ. ಕಟ್ಟಡದ ಕೆಲಸದವರಾದರೆ ಶೆಡ್‌ಗಳ ನಡುವೆ ನಾಲ್ಕಾರು ನಾಟಿ ಕೋಳಿ ಇದ್ದೇ ಇರುತ್ತವೆ, ರಾತ್ರಿ ಒಳಗೇ ಬುಟ್ಟಿ ಮುಚ್ಚಿ ಇಡುತ್ತಾರೆ. ಅವರಿಗೆ ಅದು ಸಾಕಣೆ ಅಲ್ಲ, ಸುಮ್ನೆ ಇರುವ ಕೋಳಿ. ಬಾಲ್ಕನಿಯ ಕುಂಡಕ್ಕೆ ಕೋಳಿ ಗೊಬ್ಬರ ಹಾಕುವ ನಿವೃತ್ತರನ್ನೂ ಮರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಹಿಕ್ಕೆಯಲ್ಲಿ ಎಚ್5ಎನ್1 4 ಡಿಗ್ರಿಯಲ್ಲಿ ಕಡಿಮೆಯೆಂದರೂ 35 ದಿನ, 37 ಡಿಗ್ರಿಯಲ್ಲಿ 6 ದಿನ ಬದುಕಬಲ್ಲದು.

ಮಕ್ಕಳಾದರೆ ಅಮ್ಮನನ್ನು ಕೇಳಿದರೆ ಸಾಲದು, ಜೊತೆಗೆ ಆಡುವ ಮಕ್ಕಳನ್ನೂ ಕೇಳಿ. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ನರಸರಾವ್‌ಪೇಟೆಯ ಎರಡು ವರ್ಷದ ಹೆಣ್ಣು ಮಗು ಎಚ್5ಎನ್1ನಿಂದ ತೀರಿಕೊಂಡಿತು. ಕೋಳಿ ಹೆಚ್ಚುವಾಗ ಒಂದು ಹಸಿ ತುಂಡನ್ನು ಬಾಯಿಗೆ ಹಾಕಿಕೊಂಡಿತ್ತು ಎಂದು ವರದಿಯಾಯಿತು. ಇಂಥ ವಿವರ ಯಾವ ಫಾರಂನ ಟಿಕ್ ಬಾಕ್ಸ್‌ನಲ್ಲಿ ಇದೆ ಹೇಳಿ?

ತಾರೀಕು ಕೂಡುತ್ತಿಲ್ಲವೇ?

ಸಂಪರ್ಕ ಸಿಕ್ಕಿತು ಎಂದ ಕೂಡಲೇ ಖುಷಿಪಡುವ ಹಾಗಿಲ್ಲ. ದಿನ ಎಣಿಸಿ. ಎಚ್5ಎನ್1 ತಗುಲಿದ ಮೇಲೆ ಸಾಮಾನ್ಯವಾಗಿ 2ರಿಂದ 5 ದಿನದಲ್ಲಿ ಲಕ್ಷಣ ಬರುತ್ತದೆ. ಕೆಲವರಲ್ಲಿ ಇನ್ನೂ ತಡ. ಕಣ್ಣಿನ ತೊಂದರೆ ಮಾತ್ರ ಆದರೆ ಒಂದೆರಡು ದಿನದಲ್ಲೇ. ಕೋಳಿ ಅಂಗಡಿಗೆ ಹೋದದ್ದು ಜ್ವರ ಬಂದ ದಿನದ ಬೆಳಗ್ಗೆ ಎಂದಾದರೆ ಅದು ಮೂಲ ಅಲ್ಲ. ಮೂರು ವಾರದ ಹಿಂದೆ ಎಂದಾದರೂ ಅನುಮಾನ.

ಇಲ್ಲಿ ಆಗುವ ಸಣ್ಣ ಎಡವಟ್ಟು ಎಂದರೆ ಆಸ್ಪತ್ರೆಗೆ ಸೇರಿದ ದಿನವನ್ನು ರೋಗ ಶುರುವಾದ ದಿನ ಎಂದು ಬರೆದುಕೊಳ್ಳುವುದು. ನಡುವೆ ನಾಲ್ಕೈದು ದಿನ ಕ್ರೋಸಿನ್ ನುಂಗಿ ಕೆಲಸಕ್ಕೆ ಹೋಗಿರುತ್ತಾರೆ. ಮೊದಲ ಮಾತ್ರೆ ಯಾವತ್ತು ತೆಗೆದುಕೊಂಡಿರಿ ಎಂದು ಕೇಳಿ, ಮೆಡಿಕಲ್ ಶಾಪಿನ ಯುಪಿಐ ಪಾವತಿ ನೋಡಿ. ಚಿಕನ್ ಅಂಗಡಿಯದೂ ಅದರಲ್ಲೇ ಸಿಗುತ್ತದೆ. ಜನರ ನೆನಪಿಗಿಂತ ಫೋನಿನ ನೆನಪು ಗಟ್ಟಿ.

ಮಾರುಕಟ್ಟೆಗೆ ಹೋದಾಗ

ಅಂಗಡಿ ಗೊತ್ತಾಯಿತು. ಮರುದಿನ ಹೋಗುತ್ತೀರಿ. ಕೋಳಿಗಳು ಲವಲವಿಕೆಯಿಂದ ಇವೆ, ಅಂಗಡಿಯವನು "ನೋಡಿ ಸಾಹೇಬ್ರೇ, ಒಂದೂ ಸತ್ತಿಲ್ಲ" ಎನ್ನುತ್ತಾನೆ. ಎರಡು ಕಾರಣಕ್ಕೆ ಈ ಮಾತಿಗೆ ತಲೆದೂಗಬೇಡಿ.

ಒಂದು, ಎಲ್ಲ ಹಕ್ಕಿ ಫ್ಲೂಗಳೂ ಹಕ್ಕಿಯನ್ನು ಕೊಲ್ಲುವುದಿಲ್ಲ. ಎಚ್5ಎನ್1 ಕೋಳಿ ಫಾರಂ ಹೊಕ್ಕರೆ ಸಾವು ಕಣ್ಣಿಗೆ ಹೊಡೆಯುತ್ತದೆ. 2006ರ ಫೆಬ್ರವರಿಯಲ್ಲಿ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ, ಭಾರತದಲ್ಲೇ ಮೊದಲ ಸಲ, ಹಾಗೆಯೇ ಗೊತ್ತಾಯಿತು. ಆದರೆ 2013ರಲ್ಲಿ ಚೀನಾದಲ್ಲಿ ಬಂದ ಎಚ್7ಎನ್9 ಕೋಳಿಗಳಲ್ಲಿ ಏನೂ ತೋರಿಸುತ್ತಿರಲಿಲ್ಲ. ಮನುಷ್ಯರೇ ಮೊದಲು ಕಾಯಿಲೆ ಬಿದ್ದು, ಆಮೇಲೆ ಕೋಳಿ ಮಾರುಕಟ್ಟೆಯ ಕಡೆ ಬೆರಳು ಹೋಯಿತು. ನಮ್ಮಲ್ಲಿ ಎಚ್9ಎನ್2 ಹೀಗೆ ಸದ್ದಿಲ್ಲದೆ ಕೋಳಿಗಳಲ್ಲಿ ಇದೆ. ಮನುಷ್ಯರಲ್ಲಿ ಅದು ಭಾರತದಲ್ಲಿ ಮೊದಲು ಸಿಕ್ಕಿದ್ದು 2019ರಲ್ಲಿ, ಇದೇ ಮಹಾರಾಷ್ಟ್ರದ ಮೇಳಘಾಟ್‌ನ 17 ತಿಂಗಳ ಗಂಡು ಮಗುವಿನಲ್ಲಿ. ಎನ್‌ಐವಿ ಗುರುತಿಸಿತು.

ಎರಡು, ನೀವು ನೋಡುತ್ತಿರುವುದು ಆ ಕೋಳಿಗಳೇ ಅಲ್ಲ. ಬ್ರಾಯ್ಲರ್ ಕೋಳಿ ರಾತ್ರಿ ಲೋಡ್‌ನಲ್ಲಿ ಬರುತ್ತದೆ, ಹೆಚ್ಚಿನವು ಒಂದೆರಡು ದಿನದಲ್ಲಿ ಖಾಲಿ. ರೋಗಿಗೆ ಸೋಂಕು ಆಗಿ, ಜ್ವರ ಬಂದು, ಆಸ್ಪತ್ರೆ ಸೇರಿ, ವರದಿ ಬರುವಷ್ಟರಲ್ಲಿ ಹತ್ತು ಹನ್ನೆರಡು ದಿನ. ಆ ಕೋಳಿಗಳನ್ನು ಜನ ತಿಂದು ಕೈ ತೊಳೆದಿದ್ದಾರೆ. ಆದ್ದರಿಂದ ಉಳಿದುಕೊಳ್ಳುವುದನ್ನು ಹುಡುಕಿ. ಮಾರಾಟ ನಿಧಾನವಾದ ಗಾವ್ಠಿ (ನಾಟಿ) ಕೋಳಿ, ಬಾತುಕೋಳಿ, ಕೌಜುಗ ಇದ್ದರೆ ಅವು ವಾರಗಟ್ಟಲೆ ಅದೇ ಪಂಜರದಲ್ಲಿರುತ್ತವೆ. ಹಳೆಯ ಲೋಡ್‌ನಿಂದ ಹೊಸ ಲೋಡ್‌ಗೆ ವೈರಸ್ ದಾಟಿಸುವ ಸೇತುವೆ ಇವೇ. ಹಾಂಗ್‌ಕಾಂಗ್ ಇದನ್ನು ಅರ್ಥ ಮಾಡಿಕೊಂಡೇ ಮಾರುಕಟ್ಟೆಗೆ ತಿಂಗಳಿಗೊಂದು ಖಾಲಿ ದಿನ ತಂದಿತು, ಕೌಜುಗಗಳನ್ನು ಹೊರಗೆ ಹಾಕಿತು, 2008ರಿಂದ ರಾತ್ರಿ ಜೀವಂತ ಕೋಳಿ ಉಳಿಸಿಕೊಳ್ಳುವುದನ್ನೇ ನಿಲ್ಲಿಸಿತು.

ಸ್ಯಾಂಪಲ್ ತೆಗೆಯುವಾಗ ಕೋಳಿಯ ಮೇಲಷ್ಟೇ ಕಣ್ಣು ಇಡಬೇಡಿ. ಪುಕ್ಕ ಕೀಳುವ ಯಂತ್ರದ ರಬ್ಬರ್ ಬೆರಳುಗಳು, ಕೊರಡು, ಪಂಜರದ ತಳದ ತಟ್ಟೆ, ಕುಡಿಯುವ ನೀರಿನ ಡಬ್ಬ, ಚರಂಡಿಯ ನೀರು, ತ್ಯಾಜ್ಯದ ಡ್ರಮ್. ಒಂದು ಕೋಳಿಯ ಸ್ವಾಬ್ ಒಂದು ಕೋಳಿಯ ಕತೆ ಹೇಳುತ್ತದೆ. ರಬ್ಬರ್ ಬೆರಳಿನ ಸ್ವಾಬ್ ಆ ದಿನದ ನೂರು ಕೋಳಿಗಳ ಕತೆ ಹೇಳುತ್ತದೆ. ಬೆಳಗ್ಗೆ ಅಂಗಡಿ ತೊಳೆಯುವ ಮುಂಚೆ ಹೋಗಬೇಕು ಎಂದು ಬೇರೆ ಹೇಳಬೇಕೇ? ಮುನ್ಸೂಚನೆ ಕೊಟ್ಟು ಹೋದರೆ ಬ್ಲೀಚಿಂಗ್ ಪೌಡರ್ ವಾಸನೆಯೇ ನಿಮಗೆ ಸಿಗುವ ಸ್ಯಾಂಪಲ್.

ಹಕ್ಕಿಗಳ ಸ್ಯಾಂಪಲ್ ಎನ್‌ಐವಿಗೆ ಹೋಗುವುದಲ್ಲ. ಅದು ಪಶುಸಂಗೋಪನೆ ಇಲಾಖೆಯ ಕೆಲಸ. ಪುಣೆಯ ಔಂಧ್‌ನಲ್ಲಿರುವ ಪ್ರಾದೇಶಿಕ ರೋಗಪತ್ತೆ ಲ್ಯಾಬ್, ಅಂತಿಮ ಖಚಿತತೆಗೆ ಭೋಪಾಲದ ಉನ್ನತ ಸುರಕ್ಷತೆಯ ಪ್ರಾಣಿರೋಗ ಸಂಸ್ಥೆ. ಮನುಷ್ಯರ ಕಡೆಯವರು, ಪ್ರಾಣಿಗಳ ಕಡೆಯವರು ಒಂದೇ ದಿನ, ಒಂದೇ ಗಾಡಿಯಲ್ಲಿ ಹೋಗುವುದು ಒಳ್ಳೆಯದು. ಬೇರೆ ಬೇರೆ ದಿನ ಹೋದರೆ ಎರಡನೆಯವರಿಗೆ ಅಂಗಡಿ ಮುಚ್ಚಿರುತ್ತದೆ.

ನೆಗೆಟಿವ್ ಬಂತು. ಅಂದರೆ?

ಬಹುಪಾಲು ಅಂದರೆ ಏನೂ ಇಲ್ಲ. ಲೆಕ್ಕ ನೋಡಿ. ಮಾರುಕಟ್ಟೆಯ ಕೋಳಿಗಳಲ್ಲಿ ನೂರಕ್ಕೆ 5ರಲ್ಲಿ ವೈರಸ್ ಇದೆ ಎಂದಿಟ್ಟುಕೊಳ್ಳಿ. ನೀವು 5 ಕೋಳಿ ಪರೀಕ್ಷಿಸಿದಿರಿ. ಐದೂ ನೆಗೆಟಿವ್ ಬರುವ ಸಾಧ್ಯತೆ ಶೇ. 77. ಅಂದರೆ ವೈರಸ್ ಅಲ್ಲೇ ಇದ್ದೂ ನಾಲ್ಕರಲ್ಲಿ ಮೂರು ಸಲ ನಿಮಗೆ ಸಿಗುವುದಿಲ್ಲ. ಒಂದಾದರೂ ಸಿಗುತ್ತದೆ ಎಂದು ಶೇ. 95 ಭರವಸೆ ಬೇಕಾದರೆ ಸುಮಾರು 60 ಕೋಳಿ ಬೇಕು. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದರೆ ಸುಮಾರು 300. ನಾಲ್ಕೈದು ಕೋಳಿ ಹಿಡಿದು "ಮಾರುಕಟ್ಟೆ ಸುರಕ್ಷಿತ" ಎಂದು ಹೇಳಿಕೆ ಕೊಡುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಹೇಳಿಕೆ ಕೊಡುವವರಿಗೆ ಗುಣಾಕಾರ ಬರುವುದಿಲ್ಲ ಎಂದಲ್ಲ, ಯಾರೂ ಕೇಳುವುದಿಲ್ಲ ಎಂಬ ಧೈರ್ಯ.

ಆದ್ದರಿಂದ ಅಂಗಡಿ ನೆಗೆಟಿವ್ ಆದರೆ ಹಿಂದಕ್ಕೆ ಹೋಗಿ. ಅಂಗಡಿಗೆ ಲೋಡ್ ಕೊಟ್ಟ ಟ್ರೇಡರ್ ಯಾರು, ಗಾಡಿ ಯಾವ ಫಾರಂನಿಂದ ಹೊರಟಿತು, ದಾರಿಯಲ್ಲಿ ಎಲ್ಲೆಲ್ಲಿ ಇಳಿಸಿತು. ಖಾಲಿ ಕ್ರೇಟ್‌ಗಳು ತೊಳೆಯದೆ ಮತ್ತೊಂದು ಫಾರಂಗೆ ಹೋದವೇ. ಅದೇ ಅಂಗಡಿಯ ಕೆಲಸಗಾರರು ಹೇಗಿದ್ದಾರೆ? ಅವರ ಗಂಟಲ ಸ್ವಾಬ್ ತೆಗೆಯಿರಿ. ಕೆಮ್ಮು ಇಲ್ಲದಿದ್ದರೂ ರಕ್ತದ ಮಾದರಿ ತೆಗೆದುಕೊಳ್ಳಿ, ಹಿಂದೆ ಸೋಂಕು ಆಗಿದ್ದರೆ ಪ್ರತಿಕಾಯ ಹೇಳುತ್ತದೆ. ಆಸುಪಾಸಿನಲ್ಲಿ ಕಾಗೆ ಬಿದ್ದು ಸತ್ತಿವೆಯೇ? 2021ರ ಜನವರಿಯಲ್ಲಿ ಮುಂಬೈ, ಠಾಣೆ, ದಾಪೋಲಿಗಳಲ್ಲಿ ಕಾಗೆಗಳೇ ಮೊದಲ ಸುಳಿವು ಕೊಟ್ಟವರ ಸಾಲಿನಲ್ಲಿದ್ದವು. ಬೆಕ್ಕುಗಳು? ಕೋಳಿ ತ್ಯಾಜ್ಯ ತಿನ್ನುವ ಬೆಕ್ಕು ಈ ವೈರಸ್‌ಗೆ ಬೇಗ ಬಲಿಯಾಗುತ್ತದೆ. ನಾಗಪುರದ ಗೋರೆವಾಡಾ ಕೇಂದ್ರದಲ್ಲಿ 2024ರ ಕೊನೆಗೆ ಮೂರು ಹುಲಿ, ಒಂದು ಚಿರತೆ ಎಚ್5ಎನ್1ನಿಂದ ಸತ್ತವು. ಬೆಕ್ಕಿನ ಜಾತಿ ದೊಡ್ಡದಾದರೂ ಅಷ್ಟೇ, ಚಿಕ್ಕದಾದರೂ ಅಷ್ಟೇ.

ಪಾಸಿಟಿವ್ ಬಂದರೂ ಮುಗಿಯಲಿಲ್ಲ

ಅಂಗಡಿಯಲ್ಲಿ ಎಚ್9 ಸಿಕ್ಕಿತು, ರೋಗಿಯಲ್ಲಿ ಎಚ್5. ಇದು ಆಗುವಂಥದ್ದೇ. ಒಂದೇ ಮಾರುಕಟ್ಟೆಯಲ್ಲಿ ಎರಡು ಮೂರು ಬಗೆ ಒಟ್ಟಿಗೆ ಇರಬಹುದು. ಎರಡೂ ಕಡೆ ಎಚ್5 ಸಿಕ್ಕಿದರೂ ಒಂದೇ ವಂಶದ್ದೇ ಎಂದು ಜೀನೋಮ್ ಹೋಲಿಸಿ ನೋಡಬೇಕು. ಎಂಟೂ ಜೀನ್ ತುಂಡುಗಳನ್ನು ಹೋಲಿಸಬೇಕು, ಎಚ್ ಸಂಖ್ಯೆ ನಿರ್ಧರಿಸುವ ಎಚ್‌ಎ ತುಂಡು ಒಂದನ್ನಲ್ಲ. ಫ್ಲೂ ವೈರಸ್‌ಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಹೊರಗಿನ ಅಂಗಿ ಒಂದೇ ಇದ್ದು ಒಳಗಿನದು ಬೇರೆ ಇರಬಹುದು.

ಮೂರು ಸಂಗತಿ ಕೂಡಿದರೆ ಮಾತ್ರ ನಾನು ಮೂಲ ಸಿಕ್ಕಿತು ಎಂದು ಬರೆಯುತ್ತೇನೆ: ದಿನ ಕೂಡಬೇಕು, ವೈರಸ್ ಕೂಡಬೇಕು, ಹಕ್ಕಿಯಿಂದ ಮನುಷ್ಯನವರೆಗೆ ದಾರಿ ಕಾಣಬೇಕು. ಎರಡು ಕೂಡಿದರೆ ಬಹುಶಃ. ಒಂದೇ ಆದರೆ ಹುಡುಕಾಟ ಮುಂದುವರಿಯಲಿ.

ದಾರಿ ತಪ್ಪಿಸುವ ಸುಳಿವುಗಳು ಬೇಕಾದಷ್ಟಿವೆ. ಮುಂಬೈಯಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವುದು ಪಾರಿವಾಳ. ದಾದರ್‌ನ ಕಬೂತರ್‌ಖಾನಾ ಪಕ್ಕ ಮನೆ ಎಂದರೆ ಸಾಕು, ಮೂಲ ಸಿಕ್ಕಿತು ಎನ್ನುತ್ತಾರೆ. ಪಾರಿವಾಳಗಳಿಗೆ ಫ್ಲೂ ಸುಲಭಕ್ಕೆ ಹಿಡಿಯುವುದಿಲ್ಲ. ಅವುಗಳ ಹಿಕ್ಕೆಯಿಂದ ಬರುವ ಶ್ವಾಸಕೋಶದ ಅಲರ್ಜಿ ಬೇರೆ ಕಾಯಿಲೆ, ಗಿಣಿ ಪಾರಿವಾಳಗಳಿಂದ ಬರುವ ಸಿಟ್ಟಕೋಸಿಸ್ ಎಂಬ ನ್ಯುಮೋನಿಯಾ ಇನ್ನೊಂದು. ಎರಡರಲ್ಲೂ ಫ್ಲೂ ಪಿಸಿಆರ್ ನೆಗೆಟಿವ್ ಇರುತ್ತದೆ. ಬೇಯಿಸಿದ ಕೋಳಿಯೂ ಹಾಗೇ. ಒಳಗಿನವರೆಗೆ 70 ಡಿಗ್ರಿ ಮುಟ್ಟಿದ ಮಾಂಸದಲ್ಲಿ ವೈರಸ್ ಉಳಿಯುವುದಿಲ್ಲ. ಕೋರಿ ರೊಟ್ಟಿ ತಿಂದದ್ದು ತಪ್ಪಲ್ಲ, ಆ ಕೋಳಿಯನ್ನು ಶುಚಿ ಮಾಡಿದ್ದು ಯಾರು ಎನ್ನುವುದು ಪ್ರಶ್ನೆ.

ಮನೆಯಲ್ಲಿ ಇಬ್ಬರಿಗೆ ಬಂದರೆ

ಇಲ್ಲಿ ಎದೆ ಡವಗುಟ್ಟುತ್ತದೆ, ಏಕೆಂದರೆ ಪ್ರಶ್ನೆ ಬದಲಾಗುತ್ತದೆ: ಇಬ್ಬರಿಗೂ ಒಂದೇ ಕೋಳಿಯಿಂದ ಬಂತೇ, ಒಬ್ಬರಿಂದ ಇನ್ನೊಬ್ಬರಿಗೆ ಬಂತೇ? ಮೊದಲು ತಾರೀಕು. ಇಬ್ಬರಿಗೂ ಒಂದೇ ದಿನ ಅಥವಾ ಒಂದು ದಿನದ ಅಂತರದಲ್ಲಿ ಶುರುವಾಗಿದ್ದರೆ ಒಂದೇ ಮೂಲದ ಕಡೆ ತೂಕ ಜಾಸ್ತಿ. ಮೂರು ನಾಲ್ಕು ದಿನದ ಅಂತರ ಇದ್ದು, ಎರಡನೆಯವರು ಮೊದಲನೆಯವರ ಆರೈಕೆ ಮಾಡಿದ್ದರೆ, ಅವರಿಗೆ ಬೇರೆ ಕೋಳಿ ಸಂಪರ್ಕ ಇತ್ತೇ ಎಂದು ಇನ್ನೂ ಕಟ್ಟುನಿಟ್ಟಾಗಿ ಕೇಳಬೇಕು.

2004ರಲ್ಲಿ ಥಾಯ್ಲೆಂಡ್‌ನ ಕಾಂಫೆಂಗ್ ಫೆಟ್‌ನಲ್ಲಿ ಹೀಗಾಯಿತು. 11 ವರ್ಷದ ಹುಡುಗಿ ಹಳ್ಳಿಯಲ್ಲಿ ಚಿಕ್ಕಮ್ಮನ ಜೊತೆ ಇದ್ದಳು, ಮನೆಯ ಕೋಳಿಗಳು ಸತ್ತಿದ್ದವು. ತಾಯಿ ಬ್ಯಾಂಕಾಕ್ ಕಡೆ ಕೆಲಸದಲ್ಲಿದ್ದವಳು. ಮಗಳಿಗೆ ಹುಷಾರಿಲ್ಲ ಎಂದು ಬಂದು ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಳು. ಅವಳಿಗೆ ಕೋಳಿ ಸಂಪರ್ಕ ಇರಲಿಲ್ಲ. ತಾಯಿ, ಮಗಳು ಇಬ್ಬರೂ ತೀರಿಕೊಂಡರು, ಚಿಕ್ಕಮ್ಮ ಬದುಕಿಕೊಂಡಳು. ಮನುಷ್ಯರಿಂದ ಮನುಷ್ಯರಿಗೆ ದಾಟಿರುವ ಸಾಧ್ಯತೆ ಹೆಚ್ಚು ಎಂದು ತನಿಖೆ ಹೇಳಿದ್ದು ಆ ತಾಯಿಯ ದಿನಚರಿ ಅಷ್ಟು ಖಚಿತವಾಗಿ ಸಿಕ್ಕಿದ್ದರಿಂದ. ಸರಪಳಿ ಅಲ್ಲಿಗೇ ನಿಂತಿತು.

ಆದ್ದರಿಂದ ಮನೆಯವರು, ಆರೈಕೆ ಮಾಡಿದವರು, ರಕ್ಷಣೆ ಇಲ್ಲದೆ ಮುಟ್ಟಿದ ಆಸ್ಪತ್ರೆ ಸಿಬ್ಬಂದಿಯನ್ನು ಕೊನೆಯ ಸಂಪರ್ಕದಿಂದ 10 ದಿನ ದಿನಕ್ಕೆರಡು ಸಲ ವಿಚಾರಿಸಿ. ಜ್ವರ ಅಥವಾ ಕೆಂಗಣ್ಣು ಕಂಡ ದಿನವೇ ಸ್ವಾಬ್, ಅವತ್ತೇ ಔಷಧಿ. ಹೊಸ ಬಗೆಯ ಫ್ಲೂ ಮನುಷ್ಯನಲ್ಲಿ ಖಚಿತವಾದರೆ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ದೇಶವು 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಹಾಗಾಗಿ ಪಾಲಿಕೆಯ ಸಾಂಕ್ರಾಮಿಕ ರೋಗ ವಿಭಾಗಕ್ಕೆ ಫೋನು ಮಾಡುವುದನ್ನು ನಾಳೆಗೆ ಇಡಬೇಡಿ.

ಅಂಗಡಿಯವನ ಹೊಟ್ಟೆಪಾಡು

ಇದು ತಾಂತ್ರಿಕ ವಿಷಯ ಅಲ್ಲ ಎನಿಸಬಹುದು, ಆದರೆ ತನಿಖೆ ಕೆಡುವುದು ಹೆಚ್ಚಾಗಿ ಇಲ್ಲೇ. ಕೋಳಿ ಫಾರಂನಲ್ಲಿ ಎಚ್5ಎನ್1 ಖಚಿತವಾದರೆ ಸುತ್ತ 1 ಕಿಲೋಮೀಟರ್ ಸೋಂಕಿತ ವಲಯ, 10 ಕಿಲೋಮೀಟರ್‌ವರೆಗೆ ನಿಗಾ ವಲಯ. ಕೋಳಿ ಕೊಲ್ಲುತ್ತಾರೆ, ಪರಿಹಾರ ನಿಧಾನಕ್ಕೆ ಬರುತ್ತದೆ. ಇದು ಎಲ್ಲರಿಗೂ ಗೊತ್ತು. ಸತ್ತ ಕೋಳಿಯನ್ನು ರಾತ್ರೋರಾತ್ರಿ ಹೂಳುವುದು, ಉಳಿದದ್ದನ್ನು ಅಗ್ಗಕ್ಕೆ ಬೇರೆ ಊರಿಗೆ ಸಾಗಿಸುವುದು ಇದೇ ಹೆದರಿಕೆಗೆ. ಬೆಲೆ ಒಂದೇ ಸಲ ಇಳಿದಿತ್ತೇ ಎಂದು ಗಿರಾಕಿಗಳನ್ನು ಕೇಳಿ, ಅದೂ ಒಂದು ಸುಳಿವು.

ಮಾರುಕಟ್ಟೆ ಮುಚ್ಚುವುದು ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. 2013ರ ಏಪ್ರಿಲ್‌ನಲ್ಲಿ ಶಾಂಘೈ ಮತ್ತು ಸುತ್ತಲಿನ ಊರುಗಳು ಜೀವಂತ ಕೋಳಿ ಮಾರುಕಟ್ಟೆ ಮುಚ್ಚಿದಾಗ ಎಚ್7ಎನ್9 ಸೋಂಕು ಶೇ. 97ರಿಂದ 99ರಷ್ಟು ಇಳಿಯಿತು. ಆದರೆ ಸ್ಯಾಂಪಲ್ ತೆಗೆಯುವ ಮೊದಲೇ ಮುಚ್ಚಿಸಿದರೆ ಕೋಳಿಗಳು ಬೇರೆ ಕಡೆ ಹೋಗುತ್ತವೆ, ಮೂಲವೂ ಜೊತೆಗೆ ಹೋಗುತ್ತದೆ. ಮೊದಲು ಸ್ವಾಬ್, ಅದೇ ಮಧ್ಯಾಹ್ನ ಬೀಗ. ಸ್ವಾಬ್ ತೆಗೆಯುವವರು ಎನ್95 ಮಾಸ್ಕ್, ಕನ್ನಡಕ, ಗ್ಲೌಸ್ ಹಾಕಲೇಬೇಕು. ಟಿವಿಯವರು ಬರುವ ಮುಂಚೆ ಅಂಗಡಿಯವನಿಗೆ ವಿಷಯ ವಿವರಿಸಿ ಹೇಳಿ. ಮುಂದಿನ ಸಲ ಕೋಳಿ ಸತ್ತರೆ ಅವನು ಫೋನು ಮಾಡಬೇಕಲ್ಲ.

ಕೊನೆಗೆ ಏನೂ ಸಿಗದ ಪ್ರಕರಣ

ಪಿಸಿಆರ್ ಒಂದು ಸಲ ಸಂಶಯ ತೋರಿಸಿ, ಮತ್ತೆ ನೆಗೆಟಿವ್ ಆಗಿ, ಮಾರುಕಟ್ಟೆಯಲ್ಲೂ ಏನೂ ಸಿಗದೆ ಇರುವುದುಂಟು. ಆಗ ಉಳಿಯುವುದು ಜೋಡಿ ರಕ್ತ ಪರೀಕ್ಷೆ. ದಾಖಲಾದಾಗ ಒಂದು, ಸುಮಾರು ಮೂರು ವಾರದ ನಂತರ ಇನ್ನೊಂದು. ಎರಡರ ನಡುವೆ ಆ ಬಗೆಯ ವೈರಸ್ ವಿರುದ್ಧದ ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಸೋಂಕು ಆಗಿತ್ತು. ಇದನ್ನು ಎಲ್ಲ ಲ್ಯಾಬ್‌ಗಳಲ್ಲಿ ಮಾಡಲಾಗುವುದಿಲ್ಲ, ಜೀವಂತ ವೈರಸ್ ಬೇಕಾಗುವುದರಿಂದ ಹೆಚ್ಚಿನ ಸುರಕ್ಷತೆಯ ಲ್ಯಾಬ್ ಬೇಕು.

ನಮ್ಮ ರೋಗಿಗಳಲ್ಲಿ ಈ ಎರಡನೆಯ ರಕ್ತವೇ ಸಿಗುವುದಿಲ್ಲ. ಹುಷಾರಾದ ಕೂಡಲೇ ಆರೈಕೆಗೆಂದು ಊರಿಗೆ ಹೋಗಿರುತ್ತಾರೆ. ಒಬ್ಬರು ಮತ್ಸ್ಯಗಂಧ ಹಿಡಿದು ಉಡುಪಿಗೆ, ಇನ್ನೊಬ್ಬರು ಬಸ್ಸು ಹತ್ತಿ ವಿಜಯಪುರಕ್ಕೆ. ಮುಂಬೈಯ ನಂಬರ್ ಸ್ವಿಚ್ ಆಫ್. ಹಾಗಾಗಿ ಡಿಸ್ಚಾರ್ಜ್ ದಿನವೇ ಊರಿನ ಮನೆಯವರ ನಂಬರ್, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು, ಆಶಾ ಕಾರ್ಯಕರ್ತೆ ಯಾರು ಎಂಬುದನ್ನು ಬರೆದುಕೊಳ್ಳಿ. ಆ ಜಿಲ್ಲೆಯ ಸರ್ವೇಕ್ಷಣಾ ಅಧಿಕಾರಿಗೆ ಅವತ್ತೇ ಫೋನು ಮಾಡಿ, ಯಾವ ದಿನ ರಕ್ತ ತೆಗೆಯಬೇಕು, ಯಾವ ಟ್ಯೂಬ್, ಪುಣೆಗೆ ಹೇಗೆ ಕಳಿಸಬೇಕು ಎಂದು ಕನ್ನಡದಲ್ಲೇ ಹೇಳಿ.